ಮೂಸುವವರ ಪಂಕ್ತಿ

ವಿಸ್ಕಿಯ ವಿಷಯದಲ್ಲಿ ಮನುಷ್ಯರಲ್ಲಿ ಮೂರು ಪಂಗಡ: ಕುಡಿಯದವರು, ಕುಡಿಯುವವರು, ಮೂಸುವವರು. ಮೊದಲಿನ ಎರಡು ಪಂಗಡಗಳ ಬಗ್ಗೆ ಸಿನಿಮಾಗಳಲ್ಲಿ, ವಿಧಾನಸಭೆಯಲ್ಲಿ, ಮನೆಮನೆಯ ಜಗಳಗಳಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಮೂರನೆಯವರ ಕಡೆ ಯಾರ ಗಮನವೂ ಹೋದಂತಿಲ್ಲ. ನಾನು ಆ ಅಲ್ಪಸಂಖ್ಯಾತರಲ್ಲಿ ಒಬ್ಬನಾದ್ದರಿಂದ ನಾಲ್ಕು ಮಾತು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಕುಡಿಯುವವನನ್ನು ಗುರುತಿಸುವುದು ಸುಲಭ. ಗ್ಲಾಸು ಖಾಲಿಯಾಯಿತೆಂದರೆ ಅವನ ಕಣ್ಣು ಸಪ್ಲೈಯರನ್ನು ಹುಡುಕುತ್ತದೆ. ಸೋಡಾ ಬಂತೆ, ಐಸು ಬಂತೆ, ಕಡ್ಲೆಬೀಜ ಮಸಾಲೆ ಎಲ್ಲಿ ಎಂದು ಅವನಿಗೆ ನೂರು ತಾಪತ್ರಯ. ಮೂಸುವವನ ಮುಂದೆ ಮೂವತ್ತು ಮಿಲಿ ಇಟ್ಟುಬಿಡಿ, ಒಂದು ಗಂಟೆ ಅವನ ಸುದ್ದಿಗೆ ಹೋಗಬೇಕಿಲ್ಲ. ಗ್ಲಾಸನ್ನು ಬೆಳಕಿಗೆ ಹಿಡಿಯುತ್ತಾನೆ, ಓರೆ ಮಾಡುತ್ತಾನೆ, ತಿರುಗಿಸುತ್ತಾನೆ. ಮೂಗು ಹತ್ತಿರ ತಂದು ಕಣ್ಣು ಮುಚ್ಚಿ "ಒಣದ್ರಾಕ್ಷಿ" ಎನ್ನುತ್ತಾನೆ. ಪಕ್ಕದವನು "ಒಣದ್ರಾಕ್ಷಿ ಹೌದು, ಆದರೆ ತುಪ್ಪದಲ್ಲಿ ಹುರಿದದ್ದು" ಎಂದು ತಿದ್ದುಪಡಿ ಮಂಡಿಸುತ್ತಾನೆ. ಮೂರನೆಯವನು ಮತ್ತೊಮ್ಮೆ ಮೂಸಿ, "ಹುರಿಯುವಾಗ ಒಂದೆರಡು ಸೀದಿವೆ" ಎಂದು ಷರಾ ಬರೆಯುತ್ತಾನೆ. ಇಷ್ಟಾಗುವವರೆಗೆ ಯಾರೂ ಒಂದು ಗುಟುಕನ್ನೂ ಕುಡಿದಿರುವುದಿಲ್ಲ. ಬಾರಿನ ಮಾಲೀಕನ ದೃಷ್ಟಿಯಲ್ಲಿ ಇಂಥ ಗಿರಾಕಿಗಳು ಬರದಿದ್ದರೇ ವಾಸಿ. ಹಾಗಾಗಿ ನಮ್ಮ ಪಂಕ್ತಿ ಕೂರುವುದು ಯಾರಾದರೊಬ್ಬರ ಮನೆಯ ಮಹಡಿಯ ಮೇಲೆ.

ನನಗೆ ಮೂಸುವ ದೀಕ್ಷೆ ಕೊಟ್ಟವರು ಕಾಫಿಯ ಲೋಕದವರು. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬಹುಕಾಲ ರುಚಿ ನೋಡುವ ಕೆಲಸದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬಳಗದಲ್ಲಿದ್ದಾರೆ. ನಮಗೆಲ್ಲ ಅವರು ಬರೀ 'ರಾಯರು'. ಮೇಜಿನ ಮೇಲೆ ಸಾಲಾಗಿಟ್ಟ ಬಟ್ಟಲುಗಳಿಂದ ಚಮಚದಲ್ಲಿ ಕಾಫಿ ಎತ್ತಿ, ಪಕ್ಕದ ಕೋಣೆಗೆ ಕೇಳಿಸುವಂತೆ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗುಳಿ, ಮುಂದಿನ ಬಟ್ಟಲಿಗೆ ಸಾಗುವುದು ಅವರ ಉದ್ಯೋಗವಾಗಿತ್ತು. ಯಾವ ತೋಟದ ಬೀಜ ಮಳೆಗೆ ಸಿಕ್ಕಿತ್ತು, ಯಾವುದನ್ನು ಹಣ್ಣಾಗುವ ಮೊದಲೇ ಕೊಯ್ದಿದ್ದರು, ಯಾವ ಮೂಟೆಯನ್ನು ಮೆಣಸಿನ ಚೀಲದ ಪಕ್ಕ ಇಟ್ಟಿದ್ದರು ಎಂಬುದನ್ನೆಲ್ಲ ಒಂದು ಚಮಚದಲ್ಲಿ ಹೇಳುತ್ತಿದ್ದರಂತೆ. ಅವರಿಗೆ ವಿಸ್ಕಿ ಹೊಸದಾದರೂ ವಿದ್ಯೆ ಹಳೆಯದು.

"ಮೂಗು ಒಳಗೆ ತೂರಿಸಬೇಡಿ ಸ್ವಾಮಿ" ಎನ್ನುವುದು ಅವರ ಮೊದಲ ಪಾಠ. "ಅದರಲ್ಲಿರೋದು ಸ್ಪಿರಿಟ್ಟು. ಒಂದು ಸಲ ಜೋರಾಗಿ ಎಳೆದರೆ ಮೂಗು ಮರಗಟ್ಟುತ್ತೆ. ಆಮೇಲೆ ನಿಮಗೆ ಬೇವೂ ಒಂದೇ, ಬೆಲ್ಲಾನೂ ಒಂದೇ. ಗ್ಲಾಸು ಗದ್ದದ ಹತ್ತಿರ ಇರಲಿ, ಬಾಯಿ ಸ್ವಲ್ಪ ತೆರೆದಿರಲಿ. ವಾಸನೆ ತಾನಾಗಿ ಬರುತ್ತೆ, ನೀವು ಹುಡುಕಿಕೊಂಡು ಹೋಗಬೇಡಿ."

ಎರಡನೆಯ ಪಾಠ, ರುಚಿಯೆಂದು ನಾವು ಕರೆಯುವುದರಲ್ಲಿ ನಾಲಿಗೆಯ ಪಾಲು ಬಹಳ ಕಡಿಮೆ ಎಂಬುದು. ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಜಪಾನಿಯರು ಹೆಸರಿಟ್ಟ ಉಮಾಮಿ, ಇಷ್ಟರಲ್ಲಿ ನಾಲಿಗೆಯ ಪಾಂಡಿತ್ಯ ಮುಗಿಯಿತು. ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳೇ ಸುಮಾರು 400 ಬಗೆಯವಿವೆ. ನೆಗಡಿಯಾದಾಗ ಹೆಂಡತಿ ಮಾಡಿದ ಸಾರು ಸಪ್ಪೆ ಎಂದು ದೂರುವ ಗಂಡಂದಿರು ಈ ಶರೀರಶಾಸ್ತ್ರವನ್ನು ಓದಿಕೊಳ್ಳಬೇಕು. ಗ್ಲಾಸಿನ ಆಕಾರದಲ್ಲೂ ಇದೇ ಲೆಕ್ಕಾಚಾರ. ಸಿನಿಮಾದ ಖಳನಾಯಕ ಹಿಡಿಯುವ ಅಗಲ ಬಾಯಿಯ ದಪ್ಪ ಗ್ಲಾಸಿನಲ್ಲಿ ವಾಸನೆ ನಾಲ್ಕೂ ಕಡೆ ಹಾರಿಹೋಗುತ್ತದೆ. 2001ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಗ್ಲೆನ್‌ಕೇರ್ನ್ ಎಂಬ ಗ್ಲಾಸಿಗೆ ಕೆಳಗೆ ಪುಟ್ಟ ಹೊಟ್ಟೆ, ಮೇಲೆ ಕಿರಿದಾದ ಕುತ್ತಿಗೆ. ವಾಸನೆ ಹೊಟ್ಟೆಯಲ್ಲಿ ಕೂಡಿ ಕುತ್ತಿಗೆಯಲ್ಲಿ ಏರಿ ನೇರ ಮೂಗಿಗೆ ಬರುತ್ತದೆ.

ಮೂರನೆಯ ಪಾಠ ನೀರು. ವಿಸ್ಕಿಗೆ ನೀರು ಬೆರೆಸುವುದು ಅಪಚಾರ ಎಂದು ವಾದಿಸುವ ಗಂಡಸರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ ವಿಸ್ಕಿಯ ಕಾರ್ಖಾನೆಗಳಲ್ಲಿ ಮೂಸುವುದನ್ನೇ ವೃತ್ತಿ ಮಾಡಿಕೊಂಡ ಬ್ಲೆಂಡರುಗಳು ಸಾಮಾನ್ಯವಾಗಿ ಅದನ್ನು ಆಲ್ಕೋಹಾಲು ಶೇಕಡ 20ರ ಆಸುಪಾಸಿಗೆ ಇಳಿಯುವಷ್ಟು ತೆಳುಮಾಡಿಯೇ ಮೂಸುತ್ತಾರೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ರಸಾಯನಶಾಸ್ತ್ರಜ್ಞರು ಕಂಪ್ಯೂಟರಿನಲ್ಲಿ ಅಣುಗಳನ್ನು ಓಡಾಡಿಸಿ ಇದರ ಗುಟ್ಟನ್ನು ವಿವರಿಸಿದರು. ವಿಸ್ಕಿಗೆ ಹೊಗೆಯ ಕಂಪು ಕೊಡುವ ಗ್ವಾಯಕಾಲ್ ಎಂಬ ಪದಾರ್ಥವನ್ನು, ಆಲ್ಕೋಹಾಲು ಗಾಢವಾಗಿದ್ದಾಗ ಆಲ್ಕೋಹಾಲಿನ ಅಣುಗಳು ಸುತ್ತುವರಿದು ಒಳಗೇ ಹಿಡಿದಿಟ್ಟುಕೊಳ್ಳುತ್ತವೆ. ನೀರು ಬಿದ್ದಾಗ ಅದು ಮೇಲ್ಮೈಗೆ ಬರುತ್ತದೆ, ಅಂದರೆ ಮೂಗಿಗೆ ಸಿಗುತ್ತದೆ. ಈ ಸಂಶೋಧನೆಯನ್ನು ರಾಯರಿಗೆ ಓದಿ ಹೇಳಿದೆ. "ಕಂಪ್ಯೂಟರು ಬೇಕಿತ್ತಾ ಅದಕ್ಕೆ? ಒಂದು ಚಮಚ ಇದ್ದಿದ್ರೆ ಸಾಕಿತ್ತಲ್ಲ" ಎಂದರು.

ಈ ವಿದ್ಯೆಯ ಪರಮಾವಧಿ ಯಾವುದೆಂದು ಕೇಳಿದರೆ ನಾನು ಅಂಟಾರ್ಕ್ಟಿಕದ ಕಥೆ ಹೇಳುತ್ತೇನೆ. ದಕ್ಷಿಣ ಧ್ರುವ ಮುಟ್ಟಲು 1907ರಲ್ಲಿ ಹೊರಟ ಅರ್ನೆಸ್ಟ್ ಶ್ಯಾಕಲ್ಟನ್ ತನ್ನ ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಮ್ಯಾಕಿನ್ಲೇ ವಿಸ್ಕಿ ಒಯ್ದಿದ್ದ. ಧ್ರುವ ಸಿಗಲಿಲ್ಲ. ವಿಸ್ಕಿಯೂ ಪೂರ್ತಿ ಮುಗಿಯಲಿಲ್ಲ. ಉಳಿದ ಪೆಟ್ಟಿಗೆಗಳು ಕೇಪ್ ರಾಯ್ಡ್ಸ್‌ನ ಗುಡಿಸಲಿನ ನೆಲದಡಿ ಹಿಮದಲ್ಲಿ ಹೂತುಹೋದವು. ನ್ಯೂಜಿಲೆಂಡಿನ ಪುರಾತತ್ವ ಕಾರ್ಯಕರ್ತರು ಅವನ್ನು ಕಂಡದ್ದು ನೂರು ವರ್ಷಗಳ ಬಳಿಕ, 2007ರಲ್ಲಿ. ಆ ಹೊತ್ತಿಗೆ ಮ್ಯಾಕಿನ್ಲೇ ಹೆಸರಿನ ಹಕ್ಕು ವೈಟ್ ಅಂಡ್ ಮ್ಯಾಕೇ ಕಂಪನಿಯ ಬಳಿ ಇತ್ತು, ಅದೇ ವರ್ಷ ಆ ಕಂಪನಿಯನ್ನು ಬೆಂಗಳೂರಿನ ಯುಬಿ ಸಮೂಹ ಕೊಂಡಿತ್ತು. ಹೀಗಾಗಿ 2011ರಲ್ಲಿ ಮೂರು ಬಾಟಲಿಗಳು ಸ್ಕಾಟ್ಲೆಂಡಿಗೆ ಹೋದದ್ದು ಸಮೂಹದ ಆಗಿನ ಒಡೆಯ ವಿಜಯ್ ಮಲ್ಯರ ಖಾಸಗಿ ವಿಮಾನದಲ್ಲಿ. ಆ ವಿಮಾನ ಹತ್ತಿದ ಪ್ರಯಾಣಿಕರಲ್ಲಿ ವಯಸ್ಸಿನಲ್ಲಿ ಅತಿ ಹಿರಿಯರು ಇವೇ ಇರಬೇಕು. ಕಾರ್ಕಿನ ಮೂಲಕ ಸೂಜಿ ಇಳಿಸಿ ಮಾದರಿ ತೆಗೆದರು. ಆಲ್ಕೋಹಾಲು ಶೇಕಡ 47.3 ಇತ್ತು. ಬಾರ್ಲಿ ಒಣಗಿಸಲು ಸುಟ್ಟ ಪೀಟ್ ಆರ್ಕ್ನಿ ದ್ವೀಪದ್ದೆಂದು ವಿಶ್ಲೇಷಣೆ ಹೇಳಿತು. ಆ ಕಾಲದ ಮಾಲ್ಟ್ ವಿಸ್ಕಿ ಎಂದರೆ ಒರಟು, ಗಾಢ ಹೊಗೆ ಎಂಬ ನಂಬಿಕೆಯಿತ್ತು. ಇದು ನೋಡಿದರೆ ಹಣ್ಣು, ಹೂವಿನ ಕಂಪಿನ ಹಗುರ ವಿಸ್ಕಿ. ಕಂಪನಿಯ ಮಾಸ್ಟರ್ ಬ್ಲೆಂಡರ್ ರಿಚರ್ಡ್ ಪ್ಯಾಟರ್ಸನ್ ಆ ಕೆಲವು ಹನಿಗಳನ್ನು ಮೂಸಿ, ಬೇರೆ ಬೇರೆ ಮಾಲ್ಟುಗಳನ್ನು ಕೂಡಿಸಿ ಅದರ ಪ್ರತಿರೂಪವನ್ನೇ ಕಟ್ಟಿದರು. ಮೂಲ ಬಾಟಲಿಗಳು ತಮ್ಮ ಹಿಮದ ಗುಡಿಸಲಿಗೆ ಮರಳಿದವು.

ಹೀಗೆ ಮೂಗಿಗೆ ಕೆಲಸ ಕೊಟ್ಟವನಿಗೆ ವಿಸ್ಕಿಯ ಭೂಪಟ ಬೇರೆಯೇ ಆಗಿ ಕಾಣುತ್ತದೆ. ಯಾವ ದೇಶ ಎನ್ನುವುದಕ್ಕಿಂತ ಯಾವ ಸೌದೆ, ಯಾವ ಮರ, ಯಾವ ಕಾನೂನು ಎನ್ನುವುದು ಮುಖ್ಯವಾಗುತ್ತದೆ.

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪವನ್ನೇ ತೆಗೆದುಕೊಳ್ಳಿ. ಅಲ್ಲಿ ಮರ ಕಡಿಮೆ. ಸಾವಿರಾರು ವರ್ಷ ಜೌಗಿನಲ್ಲಿ ಕೊಳೆತು ಒತ್ತಿಹೋದ ಪಾಚಿ, ಸಸ್ಯಗಳ ಹೆಂಟೆಯೇ ಸೌದೆ. ಅದು ಪೀಟ್. ಮೊಳಕೆಯೊಡೆದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸಿದಾಗ ಫಿನಾಲುಗಳು ಕಾಳಿಗೆ ಹತ್ತಿಕೊಳ್ಳುತ್ತವೆ, ಬಟ್ಟಿ ಇಳಿಸಿದರೂ ಬಿಡುವುದಿಲ್ಲ. ದ್ವೀಪದ ದಕ್ಷಿಣ ದಂಡೆಯ ಮೇಲೆ ಒಂದರ ಪಕ್ಕ ಒಂದಿರುವ ಲಾಫ್ರೋಯ್ಗ್, ಲಾಗವೂಲಿನ್, ಆರ್ಡ್‌ಬೆಗ್ ಮೂರೂ ಈ ಹೊಗೆಗೆ ಹೆಸರಾದವು. ಲಾಫ್ರೋಯ್ಗನ್ನು ಮೊದಲ ಸಲ ಮೂಸಿದವರ ಮುಖ ನೋಡಬೇಕು. ಟಿಂಚರ್ ಅಯೋಡಿನ್, ಬ್ಯಾಂಡೇಜು, ಸರ್ಕಾರಿ ಆಸ್ಪತ್ರೆಯ ಕಾರಿಡಾರು! ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲದಲ್ಲಿ ಇದನ್ನು ಔಷಧಿಯೆಂದು ಒಳಗೆ ಬಿಟ್ಟುಕೊಂಡರು ಎನ್ನುತ್ತಾರೆ. ಮೂಸಿ ನೋಡಿದ ಅಧಿಕಾರಿಗೆ ಅನುಮಾನ ಪಡಲು ಕಾರಣವೇ ಇರಲಿಲ್ಲ.

ಆದರೆ ಗ್ಲಾಸನ್ನು ಹತ್ತು ನಿಮಿಷ ಹಾಗೇ ಬಿಡಿ. ಆಸ್ಪತ್ರೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಒದ್ದೆ ಸೌದೆಯ ಹೊಗೆ ಬರುತ್ತದೆ, ಅದರ ಹಿಂದೆ ಮೀನುಪೇಟೆಯ ಉಪ್ಪುಗಾಳಿ. ನಾಲ್ಕು ಹನಿ ನೀರು ಹಾಕಿದಿರೋ, ಅಷ್ಟು ಹೊತ್ತು ಅಡಗಿ ಕೂತಿದ್ದ ಸಿಹಿ ಹೊರಗೆ ಬರುತ್ತದೆ. ನನ್ನ ಮೂಗಿಗೆ ಅದು ಆಲೆಮನೆಯಲ್ಲಿ ಕೊಪ್ಪರಿಗೆಯ ಅಂಚಿಗೆ ಹತ್ತಿದ ಬೆಲ್ಲ. ಗುಟುಕು ಇಳಿದ ಮೇಲೆ ಬೂದಿ, ಉಪ್ಪು ಬಾಯಲ್ಲಿ ಬಹಳ ಹೊತ್ತು ಉಳಿಯುತ್ತವೆ.

ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದರೆ ರುಚಿಯನ್ನು ಕಾನೂನೇ ಬರೆಯುತ್ತದೆ. ಅಲ್ಲಿನ ವಿಸ್ಕಿ ಬರ್ಬನ್ ಎನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇಕಡ 51 ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಚ್ಚಹೊಸ ಓಕ್ ಪೀಪಾಯಿಯಲ್ಲೇ ಅದು ಮಾಗಬೇಕು. ಬೆಂಕಿ ತಾಗಿದ ಹೊಸ ಮರದಿಂದ ವೆನಿಲ್ಲಾ, ತೆಂಗಿನಕಾಯಿಯ ಕಂಪು ಧಾರಾಳವಾಗಿ ಇಳಿಯುತ್ತದೆ. ಒಮ್ಮೆ ಬಳಸಿದ ಪೀಪಾಯಿ ಬರ್ಬನ್ನಿಗೆ ಮತ್ತೆ ಬರುವಂತಿಲ್ಲ. ಜಿಪುಣತನಕ್ಕೆ ಹೆಸರಾದ ಸ್ಕಾಟರು ಅದನ್ನು ತರಿಸಿಕೊಂಡು ಎರಡು ಮೂರು ಸಲ ವಿಸ್ಕಿ ತುಂಬುತ್ತಾರೆ. ಐರ್ಲೆಂಡಿನ ಕಥೆಯೂ ಕಾನೂನಿನದೇ. 18ನೇ ಶತಮಾನದಲ್ಲಿ ಮಾಲ್ಟಿಗೆ, ಅಂದರೆ ಮೊಳಕೆ ಬರಿಸಿದ ಬಾರ್ಲಿಗೆ, ತೆರಿಗೆ ಬಿದ್ದಾಗ ಅವರು ಮೊಳಕೆ ಬರಿಸದ ಬಾರ್ಲಿಯನ್ನು ಹೆಚ್ಚು ಬೆರೆಸತೊಡಗಿದರು, ಅದರಿಂದ ಕೆನೆಯಂಥ ಮೈಯ, ಸಣ್ಣ ಖಾರದ ಒಂದು ವಿಸ್ಕಿಯೇ ಹುಟ್ಟಿಕೊಂಡಿತು. ತೆರಿಗೆ ತಪ್ಪಿಸುವ ಬುದ್ಧಿಯಿಂದ ಲೋಕಕ್ಕೆ ಆದ ಉಪಕಾರಗಳಲ್ಲಿ ಇದೂ ಒಂದು.

ಜಪಾನಿನದು ಪ್ರೇಮಕಥೆ. ಸಾಕೆ ತಯಾರಿಸುವ ಮನೆತನದ ಮಸಾತಾಕ ತಾಕೆತ್ಸುರು 1918ರಲ್ಲಿ ಸ್ಕಾಟ್ಲೆಂಡಿಗೆ ಓದಲು ಹೋಗಿ, ವಿಸ್ಕಿಯ ವಿದ್ಯೆಯನ್ನೂ ರೀಟಾ ಕೋವನ್ ಎಂಬ ಹುಡುಗಿಯನ್ನೂ ಕರೆದುಕೊಂಡು 1920ರಲ್ಲಿ ಮರಳಿದ. 1923ರಲ್ಲಿ ಶಿಂಜಿರೊ ತೊರಿ ಕ್ಯೋಟೋ ಬಳಿಯ ಯಮಝಾಕಿಯಲ್ಲಿ ಕಟ್ಟಲು ಹೊರಟ ಡಿಸ್ಟಿಲರಿಗೆ ಇವನೇ ಕೈ. 1929ರಲ್ಲಿ ಅಲ್ಲಿಂದ ಬಂದ ಮೊದಲ ವಿಸ್ಕಿ ಶಿರೋಫುದಾ ಮಾರುಕಟ್ಟೆಯಲ್ಲಿ ಬಿದ್ದೇಹೋಯಿತು. ಕಾರಣ, ಸ್ಕಾಟ್ಲೆಂಡಿನ ಪಾಠದಂತೆಯೇ ಬಿಟ್ಟ ಹೊಗೆ ಜಪಾನಿನ ಮೂಗಿಗೆ ಹಿಡಿಸಲಿಲ್ಲ. ತೊರಿ ಊರಿನ ರುಚಿಗೆ ಬಗ್ಗಿ ಗೆದ್ದರೆ, ತಾಕೆತ್ಸುರು 1934ರಲ್ಲಿ ಉತ್ತರದ ಹೊಕ್ಕೈದೋಗೆ ಹೋಗಿ ತನ್ನದೇ ಡಿಸ್ಟಿಲರಿ ತೆರೆದ. ಆಮೇಲೆ ಯುದ್ಧದ ಕಾಲದಲ್ಲಿ ಹೊರಗಿನ ಪೀಪಾಯಿ ಬರುವುದು ನಿಂತಾಗ ಅಲ್ಲಿನ ಮಿಝುನಾರಾ ಎಂಬ ಓಕ್ ಮರವನ್ನೇ ಬಳಸಿದರು. ಸೋರುವ, ಬಾಗಿಸಲು ಒಗ್ಗದ ಮರ. ಬಹಳ ವರ್ಷ ಕಾದರೆ ಅದು ವಿಸ್ಕಿಗೆ ಶ್ರೀಗಂಧದ, ಅಗರಿನ ಕಂಪು ಕೊಡುತ್ತದೆ. ಗೆಳೆಯನೊಬ್ಬನ ಕೃಪೆಯಿಂದ ಅಂಥ ವಿಸ್ಕಿ ನಮ್ಮ ಪಂಕ್ತಿಗೆ ಬಂದ ದಿನ ಗ್ಲಾಸು ಬಳಗದ ಮೈಸೂರಿನವರೊಬ್ಬರ ಕೈಗೆ ಹೋಗಿದ್ದೇ ತಡ, "ಗಂಧದೆಣ್ಣೆ ಫ್ಯಾಕ್ಟರಿ ಮುಂದೆ ಸೈಕಲ್‌ನಲ್ಲಿ ಹೋದ ಹಾಗಾಯ್ತು" ಎಂದರು. ಇಂಗ್ಲಿಷ್ ವಿಮರ್ಶೆಗಳು ಅದಕ್ಕೆ ಒಂದು ಪುಟ ಖರ್ಚು ಮಾಡುತ್ತವೆ.

ಇಷ್ಟೆಲ್ಲ ಮೂಸಿದ ಮೇಲೆ ತೀರ್ಪು ಬೇಡವೆ? ಮಾಲ್ಟುಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕುವ ರೂಢಿಯನ್ನು ಬೆಳೆಸಿದವರಲ್ಲಿ ಮೊದಲಿಗ ಮೈಕೆಲ್ ಜಾಕ್ಸನ್. ಹಾಡಿ ಕುಣಿದವನಲ್ಲ, ಗಡ್ಡ ಬಿಟ್ಟುಕೊಂಡಿದ್ದ ಯಾರ್ಕ್‌ಶೈರಿನ ಪತ್ರಕರ್ತ. ಅವನ 'ಮಾಲ್ಟ್ ವಿಸ್ಕಿ ಕಂಪ್ಯಾನಿಯನ್' ಬಂದದ್ದು 1989ರಲ್ಲಿ. ಆಮೇಲೆ ಬಂದ ಜಿಮ್ ಮರ್ರಿ ತನ್ನ ವಾರ್ಷಿಕ 'ವಿಸ್ಕಿ ಬೈಬಲ್'ನಲ್ಲಿ ವಾಸನೆಗೆ 25, ರುಚಿಗೆ 25, ಗುಟುಕಿನ ನಂತರ ಉಳಿಯುವುದಕ್ಕೆ 25, ಒಟ್ಟು ಸಮತೋಲಕ್ಕೆ 25 ಎಂದು ವಿಭಾಗ ಮಾಡಿದ. ಪದ್ಧತಿಯೇನೋ ಚೆನ್ನಾಗಿದೆ. ಆದರೆ ವಿಮರ್ಶೆಗಳನ್ನು ಓದುತ್ತಾ ಹೋದರೆ ಎಲ್ಲರೂ ಎಂಬತ್ತರ ಮೇಲೆಯೇ. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಗೆ, ಎಂಬತ್ತೈದು ಬಂದ ಹುಡುಗನ ಮನೆಯಲ್ಲಿ ಸೂತಕ, ತೊಂಬತ್ತು ದಾಟಿದವನ ಮನೆಯಲ್ಲಿ ಮಾತ್ರ ಸ್ವೀಟು. ನಮ್ಮ ಬಾರುಗಳಲ್ಲಿ ನೈಂಟಿ ಅಂದರೆ ಅಳತೆ, ವಿಮರ್ಶಕರಲ್ಲಿ ಅಂಕ. ಅಳತೆಯಲ್ಲಿ ಮೋಸವಾದರೆ ಗಿರಾಕಿಗೆ ಕೂಡಲೇ ಗೊತ್ತಾಗುತ್ತದೆ ಎಂಬುದೊಂದೇ ವ್ಯತ್ಯಾಸ.

ಅಂಕ ಹಾಕುವವನಿಗೆ ಶತ್ರುವಾಗುವುದು ಕಣ್ಣು. 2001ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುವ 54 ಜನರ ಮುಂದೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಇಟ್ಟರು. ಅವರೆಲ್ಲ ಕೆಂಪು ವೈನಿಗೆ ಹೇಳುವ ಗುಣಗಳನ್ನೇ ಅದಕ್ಕೆ ಹೇಳಿದರು. 2008ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಪ್ರಯೋಗವೊಂದು ಇನ್ನೂ ಕ್ರೂರ. ಒಂದೇ ವೈನನ್ನು ಹತ್ತು ಡಾಲರಿನದೆಂದು ಒಮ್ಮೆ, ತೊಂಬತ್ತು ಡಾಲರಿನದೆಂದು ಒಮ್ಮೆ ಕೊಟ್ಟು ಮಿದುಳನ್ನು ಸ್ಕ್ಯಾನ್ ಮಾಡಿದರು. ತೊಂಬತ್ತು ಎಂದಾಗ ಸಂತೋಷಕ್ಕೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾಯಿತು. ಅಂದರೆ ದುಬಾರಿಯದು ಚೆನ್ನಾಗಿದೆ ಎನ್ನುವವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ಚೆನ್ನಾಗಿರುತ್ತದೆ. ವಿಸ್ಕಿಯ ಬಣ್ಣವನ್ನಂತೂ ನಂಬಲೇಬಾರದು. ಸ್ಕಾಚಿಗೆ ಸಕ್ಕರೆ ಸುಟ್ಟ ಕ್ಯಾರಮೆಲ್ ಬೆರೆಸಿ ಬಣ್ಣ ಸರಿಮಾಡಲು ಕಾನೂನಿನಲ್ಲೇ ಅವಕಾಶವಿದೆ. ಕಡುಕಂದು ಕಂಡು ಹಳೆಯದೆಂದು ಕೈಮುಗಿದವರು ಸಕ್ಕರೆಗೆ ಕೈಮುಗಿದಿರಲೂಬಹುದು.

ಇನ್ನು ಬಾಟಲಿಯ ಮೇಲಿನ ವಯಸ್ಸು. ಹನ್ನೆರಡು, ಹದಿನೆಂಟು ಎಂಬ ಅಂಕಿಗಳಿಗೆ ನಾವು ಕೊಡುವ ಮರ್ಯಾದೆ ಜನ್ಮಪತ್ರಿಕೆಗೂ ಕೊಡುವುದಿಲ್ಲ. ಈ ಲೆಕ್ಕವನ್ನು ಬುಡಮೇಲು ಮಾಡಿದ ಊರು ನಮ್ಮ ಮೈಸೂರು ರಸ್ತೆಯ ಮೇಲೇ ಇದೆ, ಕುಂಬಳಗೋಡಿನ ಹತ್ತಿರದ ಕಂಬೀಪುರ. ಅಲ್ಲಿರುವ ಅಮೃತ್ ಡಿಸ್ಟಿಲರೀಸ್ ಶುರುವಾದದ್ದು 1948ರಲ್ಲಿ. ಮಾಗುವ ಪೀಪಾಯಿಯಿಂದ ಪ್ರತಿವರ್ಷ ಸ್ವಲ್ಪ ವಿಸ್ಕಿ ಆವಿಯಾಗುತ್ತದೆ, ಸ್ಕಾಟರು ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ದೇವತೆಗಳು ಶೇಕಡ 2ರಷ್ಟಕ್ಕೆ ತೃಪ್ತರು. ಬೆಂಗಳೂರಿನ ಹವೆಯಲ್ಲಿ ಅವರಿಗೆ ಶೇಕಡ 10ರಿಂದ 12 ಬೇಕು. ಅದೇ ಬಿಸಿಲಿನಿಂದ ಮರವೂ ವಿಸ್ಕಿಯೂ ಬೇಗ ಬೇಗ ಕೊಟ್ಟು ತೆಗೆದುಕೊಂಡು, ನಾಲ್ಕೈದು ವರ್ಷದಲ್ಲೇ ಕೆಲಸ ಮುಗಿಯುತ್ತದೆ. ಎಂಟು ವರ್ಷ ಮಾಗಿಸಿದ ಒಂದಷ್ಟು ಬಾಟಲಿಗಳಿಗೆ ಕಂಪನಿ 'ಗ್ರೀಡಿ ಏಂಜಲ್ಸ್', ಅಂದರೆ ದುರಾಸೆಯ ದೇವತೆಗಳು ಎಂದೇ ಹೆಸರಿಟ್ಟಿತು. ಪೀಪಾಯಿಯ ಬಹುಪಾಲನ್ನು ಅವರು ತೆಗೆದುಕೊಂಡಾಗಿತ್ತು.

ಆದರೆ ಭಾರತದ ಸಿಂಗಲ್ ಮಾಲ್ಟ್ ಎಂದರೆ ಆಗ ಯಾರು ಮೂಸುತ್ತಾರೆ? ನಮ್ಮ ಅಂಗಡಿಗಳಲ್ಲಿ ವಿಸ್ಕಿ ಎಂದು ಆಗ ಮಾರುತ್ತಿದ್ದುದರಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯ ಸ್ಪಿರಿಟ್ಟು. ಧಾನ್ಯದಿಂದ ಮಾಡದ್ದನ್ನು ಯುರೋಪಿನಲ್ಲಿ ವಿಸ್ಕಿ ಎಂದು ಕರೆಯಲೂ ಬಿಡುವುದಿಲ್ಲ. ಹಾಗಾಗಿ ಅಮೃತ್‌ನವರು ಮಾಡಿದ ಜಾಣತನದ ಕೆಲಸವೆಂದರೆ, ಬಿಡುಗಡೆಗೆ ಮೊದಲು ಗ್ಲಾಸ್ಗೋದ ಪಬ್ಬಿನಲ್ಲಿ ಹೆಸರು ಹೇಳದೆ ರುಚಿ ನೋಡಿಸಿದ್ದು. ಕುಡಿದವರು ಇದು ತಮ್ಮದೇ ನಾಡಿನ, ವಯಸ್ಸಾದ ಮಾಲ್ಟ್ ಎಂದುಕೊಂಡರು. 2004ರ ಆಗಸ್ಟಿನಲ್ಲಿ ಗ್ಲಾಸ್ಗೋದಲ್ಲೇ ಅದು ಮಾರಾಟಕ್ಕೆ ಬಂತು. ಬೆಂಗಳೂರಿನ ಅಂಗಡಿಗೆ ಬಂದದ್ದು 2010ರಲ್ಲಿ. ಕಂಬೀಪುರದಿಂದ ಇಲ್ಲಿಗೆ ಒಂದು ಗಂಟೆಯ ದಾರಿ, ವಿಸ್ಕಿ ಮಾತ್ರ ಗ್ಲಾಸ್ಗೋ ಸುತ್ತಿಕೊಂಡು ಬಂತು. ಸ್ಕಾಟ್ಲೆಂಡಿನ ಪೀಟ್ ಹೊಗೆಯ ಬಾರ್ಲಿಯನ್ನೂ ನಮ್ಮ ಉತ್ತರದ ಬಾರ್ಲಿಯನ್ನೂ ಕೂಡಿಸಿದ ಅಮೃತ್ ಫ್ಯೂಷನ್‌ಗೆ ಜಿಮ್ ಮರ್ರಿ ತನ್ನ 2010ರ ಪುಸ್ತಕದಲ್ಲಿ 97 ಅಂಕ ಕೊಟ್ಟು ಲೋಕದ ಮೂರನೆಯ ಸ್ಥಾನದಲ್ಲಿ ಕೂರಿಸಿದ. ಅಂಕಗಳನ್ನು ಲೇವಡಿ ಮಾಡುತ್ತಿದ್ದ ಮೂಸುವವರೆಲ್ಲ ಆ 97ನ್ನು ಮಾತ್ರ ಬಾಯಿಪಾಠ ಮಾಡಿದರು.

ಅದೇ 2010ರ ಜನವರಿಯಲ್ಲಿ, ಸ್ಕಾಟರು ತಮ್ಮ ಕವಿ ಬರ್ನ್ಸ್‌ನ ಹುಟ್ಟುಹಬ್ಬ ಆಚರಿಸುವ ಹೊತ್ತಿಗೆ, ಎಡಿನ್‌ಬರೋದ ಲೀತ್‌ನಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆ ಹೆಸರು ಮುಚ್ಚಿದ ಪರೀಕ್ಷೆಯೊಂದನ್ನು ನಡೆಸಿತು. ಮೂರು ಸ್ಕಾಚು, ಒಂದು ಇಂಗ್ಲೆಂಡಿನದು, ಜೊತೆಗೆ ತೈವಾನಿನ ಕವಾಲನ್. ಕವಾಲನ್ ತಯಾರಾಗುವ ಡಿಸ್ಟಿಲರಿಯಿಂದ ಮೊದಲ ಸ್ಪಿರಿಟ್ ಹರಿದದ್ದೇ 2006ರಲ್ಲಿ. ಗೆದ್ದದ್ದು ಅದೇ. ಕೇಳಿದಾಗ ರಾಯರಿಗೆ ಏನೂ ಆಶ್ಚರ್ಯವಾಗಲಿಲ್ಲ. "ತೋಟದ ಹೆಸರು ಗೊತ್ತಿದ್ದರೆ ನಾವು ಕಾಫಿ ಮುಟ್ಟುತ್ತಲೇ ಇರಲಿಲ್ಲ" ಎಂದಷ್ಟೇ ಹೇಳಿದರು.

ಆ ಮೇಲಿಂದ ನಮ್ಮ ಪಂಕ್ತಿಯಲ್ಲೂ ಅವರದೇ ಕಾನೂನು. ರಾಯರು ಅಡುಗೆಮನೆಯಲ್ಲಿ ಬಗ್ಗಿಸುತ್ತಾರೆ, ಗ್ಲಾಸಿನ ತಳಕ್ಕೆ ನಂಬರು ಅಂಟಿಸುತ್ತಾರೆ, ನಾವು ಮೂಸಿ ಚೀಟಿಯಲ್ಲಿ ಬರೆಯುತ್ತೇವೆ. ವಿದೇಶದಿಂದ ಬಂದ ಗೆಳೆಯನೊಬ್ಬ ಮರದ ಪೆಟ್ಟಿಗೆಯೊಳಗೆ ರೇಷ್ಮೆಯಲ್ಲಿ ಮಲಗಿಸಿದ್ದ ಬಾಟಲಿಯೊಂದನ್ನು ತಂದಿದ್ದ. ಚೀಟಿಗಳನ್ನು ಬಿಚ್ಚಿದಾಗ ಅದಕ್ಕೆ ಅತಿ ಕಡಿಮೆ ಅಂಕ ಕೊಟ್ಟವನು ಅವನೇ. ಪರೀಕ್ಷೆಯೇ ಸರಿಯಿಲ್ಲ ಎಂದು ಈಗಲೂ ಅವನ ವಾದ. ಪೆಟ್ಟಿಗೆಗೆ 25 ಅಂಕ ಮೀಸಲಿಟ್ಟಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇನೋ.

ಅಂದಿನ ಅತ್ಯುತ್ತಮ ವಿಮರ್ಶೆ ಬಂದದ್ದು ಮಾರನೆಯ ಬೆಳಿಗ್ಗೆ, ವಿಸ್ಕಿಯನ್ನು ಕೈಯಲ್ಲೂ ಮುಟ್ಟದವರಿಂದ. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮಕ್ಕ ಮಹಡಿಯ ಮೇಲೆ ತೊಳೆಯದೆ ಬಿಟ್ಟಿದ್ದ ಗ್ಲಾಸುಗಳನ್ನು ತಟ್ಟೆಯಲ್ಲಿ ಹಿಡಿದು ಕೆಳಗಿಳಿದಳು. ಮುಖ ಸಿಂಡರಿಸಿಕೊಂಡೇ ಒಂದನ್ನು ಮೂಗಿನ ಹತ್ತಿರ ತಂದಳು. "ಏನೋ ಇದು, ಗಣಹೋಮ ಮಾಡಿ ಬೂದಿ ಇದರಲ್ಲಿ ತುಂಬಿಟ್ಟಿದ್ಯಾ?" ಅದು ಲಾಫ್ರೋಯ್ಗ್. ಕುತೂಹಲ ತಡೆಯದೆ ಇನ್ನೊಂದನ್ನು ಎತ್ತಿಕೊಂಡಳು. "ಇದು ಪರವಾಗಿಲ್ಲ. ಕೊಬ್ಬರಿ ಮಿಠಾಯಿ ಡಬ್ಬ." ಅದು ಬರ್ಬನ್. ಮೂರನೆಯದನ್ನು ಎರಡು ಸಲ ಮೂಸಿ ಕೆಳಗಿಟ್ಟಳು. "ಇದರಲ್ಲಿ ಏನೂ ಇಲ್ಲ ಕಣೋ, ಬರೀ ಗಾಜು." ಅದು ರೇಷ್ಮೆಯಲ್ಲಿ ಮಲಗಿದ್ದದ್ದು.

ಒಣಗಿದ ಗ್ಲಾಸನ್ನು ಮೂಸುವುದು ವಿಸ್ಕಿ ಬಲ್ಲವರೂ ಮಾಡುವ ಪರೀಕ್ಷೆಯೇ. ಆಲ್ಕೋಹಾಲು ಹಾರಿಹೋದ ಮೇಲೆ ಮರ, ಹೊಗೆ, ಧಾನ್ಯ ಮಾತ್ರ ತಳದಲ್ಲಿ ಉಳಿದಿರುತ್ತವೆ. ದೊಡ್ಡ ಬ್ಲೆಂಡರುಗಳೂ ದಿನವಿಡೀ ಮೂಸುತ್ತಾರೆಯೇ ಹೊರತು ಕುಡಿಯುತ್ತಾ ಕೂರುವುದಿಲ್ಲ. ಕೂತರೆ ಮಧ್ಯಾಹ್ನದ ಮೇಲೆ ಬೆಂಚಿನ ಕೆಳಗೆ ಹುಡುಕಬೇಕಾದೀತು. ಗಂಡಸರ ಸೊತ್ತು ಎಂದುಕೊಂಡಿದ್ದ ಈ ಕೆಲಸದಲ್ಲಿ ಇಂದು ಡ್ಯೂವರ್ಸ್‌ನ ಸ್ಟೆಫನಿ ಮ್ಯಾಕ್ಲೌಡ್, ಗ್ಲೆನ್‌ಡ್ರೋನಕ್‌ನ ರೇಚಲ್ ಬ್ಯಾರಿ ಅಂಥವರು ಮೇಲಿನ ಕುರ್ಚಿಯಲ್ಲಿದ್ದಾರೆ. ನಮ್ಮಕ್ಕನಿಗೆ ಇದನ್ನು ಹೇಳಿದ್ದಕ್ಕೆ "ನನಗೆ ಬೇರೆ ಕೆಲಸ ಇಲ್ವಾ?" ಎಂದು ಗ್ಲಾಸು ತೊಳೆಯಲು ನನಗೇ ಕೊಟ್ಟಳು.

ವಿಸ್ಕಿ ವಿಮರ್ಶೆಗೆ ಹಣವಾಗಲಿ, ವಿದೇಶಯಾತ್ರೆಯಾಗಲಿ, ಹೆಚ್ಚು ಕುಡಿಯುವ ತಾಕತ್ತಾಗಲಿ ಬೇಕಿಲ್ಲ ಎಂಬುದು ಇಷ್ಟರಿಂದ ನನಗಾದ ಮನವರಿಕೆ. ಶುದ್ಧವಾದ ಮೂಗು, ಒಂದಿಷ್ಟು ನೀರು, ತಾಳ್ಮೆ, ಹೆಸರು ನೋಡದ ಸಂಯಮ ಇದ್ದರೆ ಆಯಿತು. ಕೊನೆಯದಕ್ಕೆ ನಮ್ಮ ವೈನ್ ಶಾಪಿನವರು ಯಾವತ್ತಿನಿಂದಲೋ ಏರ್ಪಾಡು ಮಾಡಿಕೊಂಡು ಬಂದಿದ್ದಾರೆ. ನೆರೆಹೊರೆಯವರಿಗೆ ಕಾಣದಿರಲೆಂದು ಬಾಟಲಿಗೆ ಹಳೆಯ ನ್ಯೂಸ್‌ಪೇಪರು ಸುತ್ತಿ ಕೊಡುತ್ತಾರಲ್ಲ, ರುಚಿ ನೋಡುವವನಿಗೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಕುಡಿಯುವ ಅಭ್ಯಾಸ ಇಲ್ಲದವರು ಇದಕ್ಕಾಗಿ ಹೊಸದಾಗಿ ಕಲಿಯಬೇಕಾಗಿಲ್ಲ, ಯಾರಾದರೂ ಬಿಟ್ಟ ಗ್ಲಾಸು ಮೂಸಿದರೆ ಸಾಕು. ಇರುವವರು ಮುಂದಿನ ಸಲ ಮನೆಗೆ ಬಂದು ಆ ಪೇಪರನ್ನು ಬಿಚ್ಚಬೇಡಿ. ಇನ್ನೊಬ್ಬರು ತಂದ ಬಾಟಲಿಗೂ ಹಾಗೇ ಸುತ್ತಿ, ಮನೆಯವರ ಕೈಯಲ್ಲಿ ಮೂವತ್ತು ಮೂವತ್ತು ಮಿಲಿ ಬಗ್ಗಿಸಿಕೊಂಡು ಮೂಸಿ. ಮೊದಲು ಅಂಕ ಬರೆಯಿರಿ, ಆಮೇಲೆ ಪೇಪರು ಬಿಚ್ಚಿ. ಒಮ್ಮೆ ಬರೆದ ಅಂಕವನ್ನು ಮಾತ್ರ ತಿದ್ದಬೇಡಿ.